ಇಪ್ಪತ್ತಮೂರು ಪೆಟ್ಟಿಗೆ, ಒಬ್ಬ ಅಪ್ಪ

ಫೆಬ್ರುವರಿ 9

ನಾದಿನಿಗೆ,

ನೀನು ನನ್ನ ಫೋನ್ ಎತ್ತುವುದನ್ನು ಬಿಟ್ಟು ಮೊನ್ನೆಗೆ ಒಂದು ವರ್ಷವಾಯಿತು. ನಿನ್ನ ಅಣ್ಣ ಹೋಗಿಯೂ ಅಷ್ಟೇ ಆಯಿತು. ಹಾಗಾಗಿ ಬರೆಯುತ್ತಿದ್ದೇನೆ. ಬರೆದರೆ ಒಂದು ಅನುಕೂಲವಿದೆ. ಆಮೇಲೆ ಯಾರೂ "ನನಗೆ ಹೇಳಲೇ ಇಲ್ಲ" ಅನ್ನುವ ಹಾಗಿಲ್ಲ.

ನಾನು ಈ ಊರು ಬಿಡುತ್ತಿದ್ದೇನೆ. ಸಾವಿರದ ಏಳುನೂರು ಕಿಲೋಮೀಟರ್ ಆಚೆ ಒಂದು ದಂತವೈದ್ಯ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಹಲ್ಲು ಕಟ್ಟುವುದನ್ನು ಹುಡುಗರಿಗೆ ಕಲಿಸಬೇಕು, ನಾನೂ ಕಟ್ಟಬೇಕು. ಜೂನ್ ಒಂದಕ್ಕೆ ಹಾಜರಾಗಬೇಕು. ಇಲ್ಲಿ ಇನ್ನು ನನ್ನ ಅಂಗಡಿ ನಡೆಯುವುದಿಲ್ಲ. ಊರಿನ ಡಾಕ್ಟರುಗಳೆಲ್ಲ ಅಚ್ಚು ತೆಗೆದು ದೊಡ್ಡ ಕಂಪನಿಗಳಿಗೆ ಕಳಿಸುತ್ತಾರೆ. ಅಲ್ಲಿ ಯಂತ್ರ ಹಲ್ಲು ಕೊರೆಯುತ್ತದೆ. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿ ತುಂಬಿಸಿದ್ದಾಯಿತು, ಈಗ ನನ್ನ ಬಾಯಿ ನೋಡಿಕೊಳ್ಳಬೇಕು.

ಲೆಕ್ಕ ಹಾಕಿದ್ದೇನೆ. ಲಾರಿ ಬಾಡಿಗೆ ಅರವತ್ತೆರಡು ಸಾವಿರ. ಪೆಟ್ಟಿಗೆ, ಹಗ್ಗ, ಹಳೇ ಕಾಗದ ಎಲ್ಲ ಸೇರಿ ಆರು. ಎರಡೂ ಕಡೆ ಹತ್ತಿಸಿ ಇಳಿಸುವವರಿಗೆ ಒಂಬತ್ತು. ಅಲ್ಲಿ ಮನೆಗೆ ಮೂರು ತಿಂಗಳ ಮುಂಗಡ, ತಿಂಗಳಿಗೆ ಹನ್ನೊಂದರಂತೆ ಮೂವತ್ತಮೂರು. ರೈಲಿಗೆ ಎರಡೂವರೆ. ಸಂಬಳ ಬರುವುದು ಜುಲೈಯಲ್ಲಿ, ಅಲ್ಲಿಯವರೆಗೆ ಹೊಟ್ಟೆಗೆ ಹದಿನೈದು. ಕೈ ತಪ್ಪಿ ಆಗುವ ಖರ್ಚಿಗೆ ಹತ್ತು. ಒಟ್ಟು ಒಂದು ಲಕ್ಷದ ಮೂವತ್ತೇಳೂವರೆ ಸಾವಿರ. ನನ್ನ ಹತ್ತಿರ ಇರುವುದನ್ನೆಲ್ಲ ಕೊಡವಿದರೆ, ಮಂಚ, ಬೀರು, ಸ್ಕೂಟರ್ ಮಾರಿದ್ದೂ ಸೇರಿ, ಒಂದು ಲಕ್ಷ ಇಪ್ಪತ್ತಾಗುತ್ತದೆ. ಉಳಿದದ್ದಕ್ಕೆ ದಾರಿ ಹುಡುಕುತ್ತೇನೆ, ನಿನ್ನ ಹತ್ತಿರ ಕೇಳುವುದಿಲ್ಲ, ಹೆದರಬೇಡ.

ಈ ಲೆಕ್ಕದಲ್ಲಿ ಮಾವನವರು ಇಲ್ಲ ಎಂದು ಗಮನಿಸಿರುತ್ತೀಯ. ಹನ್ನೊಂದು ವರ್ಷ ನಾನು ನೋಡಿಕೊಂಡೆ. ಅದರಲ್ಲಿ ಒಂದು ವರ್ಷ ಅವರ ಮಗನೂ ಇಲ್ಲದೆ ನೋಡಿಕೊಂಡೆ. ಇನ್ನು ಅವರು ಮಗಳ ಮನೆಗೆ ಬರಲಿ. ಮೇ ತಿಂಗಳೊಳಗೆ ಬಂದು ಕರೆದುಕೊಂಡು ಹೋಗು.

ಇಂತಿ,
ನಿನ್ನ ಅತ್ತಿಗೆ


ಫೆಬ್ರುವರಿ 20

ಅತ್ತಿಗೆಯವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ನಂಬಿಕೆ ಬರಲಿಲ್ಲ. ಎರಡನೇ ಸಲ ನೀವು ಬರೆದದ್ದೇ ಎಂದು ಖಾತ್ರಿಯಾಯಿತು. ಅಪ್ಪನನ್ನು ಬೀರು, ಮಂಚದ ಸಾಲಿನಲ್ಲಿಟ್ಟು ಯಾರಿಗಾದರೂ ದಾಟಿಸಬೇಕೆಂದು ನಿಮಗಲ್ಲದೆ ಇನ್ನಾರಿಗೆ ತೋಚೀತು?

ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ಇರುವ ಎರಡು ಕೋಣೆಯಲ್ಲಿ ಒಂದರಲ್ಲಿ ನಮ್ಮ ಅತ್ತೆ ಮಲಗಿದ್ದಾರೆ. ನಾನು ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆವರೆಗೆ ಪಕ್ಕದ ಸೀಟಿನಲ್ಲಿ ಕುಳಿತು, ಕಾಲ ಕೆಳಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಕಂಡಕಂಡವರಿಗೆ ಕಾರು ಕಲಿಸಬೇಕು. ಡ್ರೈವಿಂಗ್ ಸ್ಕೂಲ್ ಎಂದು ಬೋರ್ಡು ದೊಡ್ಡದು, ಇರುವುದು ಒಂದು ಕಾರು, ಅದೂ ತಿಂಗಳಲ್ಲಿ ನಾಲ್ಕು ದಿನ ಗ್ಯಾರೇಜಿನಲ್ಲಿ. ಅಪ್ಪನನ್ನು ಯಾರು ನೋಡಿಕೊಳ್ಳಬೇಕು? ನನ್ನಿಂದ ಆಗುವುದಿಲ್ಲ.

ಇನ್ನು ನಿಮ್ಮ ಲೆಕ್ಕ. ಲಾರಿಗೆ ಅರವತ್ತೆರಡು ಎಂದು ಯಾರು ಹೇಳಿದರು? ನಿಮ್ಮ ಮುಖ ನೋಡಿ ಹೇಳಿದ್ದಾರೆ. ಹತ್ತಿಸುವಾಗ ಒಂದು ದರ, ಅರ್ಧ ದಾರಿಗೆ ಹೋದ ಮೇಲೆ ಟೋಲು, ಪರ್ಮಿಟ್ಟು ಅಂತ ಇನ್ನೊಂದು ದರ. ನಿಮ್ಮ ಪೆಟ್ಟಿಗೆಗಳು ರಸ್ತೆ ಬದಿ ನಿಂತಿರುತ್ತವೆ, ನೀವು ಕೇಳಿದಷ್ಟು ಕೊಡುತ್ತೀರಿ.

ಸ್ಕೂಟರ್ ಮಾರಲು ನೀವು ಯಾರು? ಅದು ನನ್ನ ಅಣ್ಣನದು. ಅದನ್ನು ಓಡಿಸಲು ಕಲಿಸಿದ್ದೇ ನಾನು.

ಮತ್ತೆ ಆ "ಹೇಳಲೇ ಇಲ್ಲ" ಎಂಬ ಮಾತು. ನೀವೇ ಎತ್ತಿದ್ದರಿಂದ ಕೇಳಿ. ಅಣ್ಣ ಉಳಿಯುವುದಿಲ್ಲ ಎಂದು ಡಾಕ್ಟರು ಬೆಳಗ್ಗೆ ಹತ್ತಕ್ಕೇ ನಿಮಗೆ ಹೇಳಿದ್ದರು. ನೀವು ನನಗೆ ಹೇಳಿದ್ದು ಸಂಜೆ ಆರಕ್ಕೆ. ನಮ್ಮ ಊರಿಂದ ಅಲ್ಲಿಗೆ ಐದೇ ಗಂಟೆ ದಾರಿ. ಅವನು ಹೋದದ್ದು ಮೂರಕ್ಕೆ. ಕೂಡಿ ಕಳೆಯುವುದು ನಿಮಗೆ ಚೆನ್ನಾಗಿ ಬರುತ್ತದಲ್ಲ, ಇದನ್ನೂ ಮಾಡಿ ನೋಡಿ.

ನಿಮ್ಮ ನಾದಿನಿ, ಹೆಸರಿಗೆ ಮಾತ್ರ


ಮಾರ್ಚ್ 6

ನಾದಿನಿಗೆ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನದು ಮೆಟ್ಟಿಲು ಡೊಂಕು.

ಆ ದಿನದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಹೋದ ವರ್ಷ ಆಸ್ಪತ್ರೆಯ ಕಾರಿಡಾರಿನಲ್ಲಿ ಹತ್ತಾರು ಜನರ ಮುಂದೆ ನೀನು ಅಂದದ್ದೆಲ್ಲ ಕೇಳಿಸಿಕೊಂಡಿದ್ದೇನೆ. ಅದಕ್ಕೂ ಏನೂ ಅಂದಿಲ್ಲ. ಇನ್ನೂ ಬೇಕಿದ್ದರೆ ಅನ್ನು, ಅಂಚೆ ಖರ್ಚು ನಿನ್ನದು.

ಮಾವನವರು ನಿನ್ನ ಮನೆಗೆ ಬಾರದಿದ್ದರೆ ನನ್ನ ಜೊತೆಗೇ ಬರಬೇಕು. ಬೀದಿಯಲ್ಲಿ ಬಿಟ್ಟು ಹೋಗಲು ನನಗೆ ಆಗುವುದಿಲ್ಲ, ಅದು ನಿನಗೂ ಗೊತ್ತು, ಅದಕ್ಕೇ ಆರಾಮಾಗಿ ಇಲ್ಲ ಎಂದು ಬರೆದೆ. ಹಾಗಾದರೆ ಲೆಕ್ಕ ಬದಲಾಗುತ್ತದೆ. ಅವರಿಗೆ ಮೊಣಕಾಲು ನೋವು, ಮಹಡಿ ಮನೆ ಆಗದು. ನೆಲಮಟ್ಟದ ಮನೆಗೆ ಅಲ್ಲಿ ತಿಂಗಳಿಗೆ ಹದಿನಾಲ್ಕು ಹೇಳುತ್ತಿದ್ದಾರೆ, ಅಂದರೆ ಮೂರು ಸಾವಿರ ಹೆಚ್ಚು. ಔಷಧಿ ಸಾವಿರದ ಎಂಟುನೂರು. ಊಟ, ಬಟ್ಟೆ, ಕನ್ನಡಕ, ಡಾಕ್ಟರು ಸೇರಿ ಮೂರು ಸಾವಿರದ ಇನ್ನೂರು. ಮಾವ: ತಿಂಗಳಿಗೆ ಎಂಟು ಸಾವಿರ. ಅವರಿದ್ದ ಕಾರ್ಖಾನೆ ಮುಚ್ಚಿದಾಗ ಪಿಂಚಣಿಯೂ ಅದರೊಂದಿಗೇ ಮುಚ್ಚಿಹೋಯಿತು. ಎಂಟರಲ್ಲಿ ಅರ್ಧ ನೀನು ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಕಳಿಸು. ಆಗುತ್ತದೋ ಇಲ್ಲವೋ ಒಂದೇ ಮಾತಿನಲ್ಲಿ ಬರೆ. ಮೆಟ್ಟಿಲು ಎಣಿಸಬೇಡ.

ಸ್ಕೂಟರ್ ಮಾರಿಯಾಯಿತು.

ಅತ್ತಿಗೆ


ಮಾರ್ಚ್ 15

ಅತ್ತಿಗೆಯವರಿಗೆ,

ನಿಮ್ಮ ಊರಿಂದ ಇಲ್ಲಿಗೆ ಬಂದ ದಂತವೈದ್ಯನೊಬ್ಬ ನನ್ನ ಬಳಿ ಕಾರು ಕಲಿಯುತ್ತಿದ್ದಾನೆ. ಅವನಿಗೆ ಕ್ಲಚ್ ಬಿಡಲು ಬರುವುದಿಲ್ಲ, ಬಾಯಿ ಬಿಡಲು ಬರುತ್ತದೆ. ನಿನ್ನೆ ವೃತ್ತದ ಹತ್ತಿರ ಗಾಡಿ ಆಫ್ ಮಾಡಿಕೊಂಡು ನಿಂತು, "ನಿಮ್ಮ ತಂದೆ ಕೈಚಳಕ ಭಾರಿ ಮೇಡಂ, ಅವರು ಪಾಲಿಶ್ ಮಾಡಿದ ಸೆಟ್ಟು ಕನ್ನಡಿ ಇದ್ದಂಗೆ ಇರುತ್ತೆ" ಎಂದ.

ಯಾವ ಪಾಲಿಶ್? ಯಾವ ಸೆಟ್ಟು?

ಎಪ್ಪತ್ತೇಳು ವರ್ಷದ ಮುದುಕನನ್ನು ನಿಮ್ಮ ಅಂಗಡಿಯಲ್ಲಿ ಕೂರಿಸಿಕೊಂಡು, ಕಂಡವರ ಕಟ್ಟಿಸಿದ ಹಲ್ಲು ಉಜ್ಜಿಸುತ್ತಿದ್ದೀರಾ? ಆ ಪುಡಿಯನ್ನೆಲ್ಲ ಅವರು ಉಸಿರಾಡುತ್ತಿದ್ದಾರಾ? ಒಂದು ಕಡೆ ದುಡಿಸಿಕೊಳ್ಳುವುದು, ಇನ್ನೊಂದು ಕಡೆ ತಿಂಗಳಿಗೆ ಎಂಟು ಸಾವಿರ ಖರ್ಚು ಎಂದು ನನ್ನ ಮುಖಕ್ಕೆ ಹಿಡಿಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಕೊನೆಗೆ ಹಾವಿನ ಚರ್ಮವೂ ಮಾರಬೇಕು ನಿಮಗೆ.

ಇನ್ನು ಅವರು ನಿಮ್ಮಲ್ಲಿ ಇರುವುದು ಬೇಡ. ಏಪ್ರಿಲ್ ಇಪ್ಪತ್ತಕ್ಕೆ ಕಾರು ತರುತ್ತೇನೆ. ಒಂದು ಸೂಟ್‌ಕೇಸು ಸಿದ್ಧವಾಗಿಡಿ. ನಮ್ಮ ಅತ್ತೆಯ ಕೋಣೆಯಲ್ಲಿ ಪರದೆ ಕಟ್ಟಿಸಿ ಇನ್ನೊಂದು ಮಂಚ ಹಾಕಿಸುತ್ತೇನೆ. ಟಿ.ವಿ. ಇದೆ, ಕಿಟಕಿ ಇದೆ, ಮೂರು ಹೊತ್ತು ಊಟ ಕೋಣೆಗೇ ಬರುತ್ತದೆ. ಮೆಟ್ಟಿಲು ಹತ್ತಿದ ಮೇಲೆ ಇಳಿಯುವ ಅಗತ್ಯವೇ ಬರುವುದಿಲ್ಲ.

ನಾದಿನಿ


ಮಾರ್ಚ್ 24

ನಾದಿನಿಗೆ,

ಬಾ. ತೆಗೆದುಕೊಂಡು ಹೋಗು.

ಆದರೆ ಹಲ್ಲು ಉಜ್ಜಿಸಿದ ಕಥೆ ಪೂರ್ತಿ ಕೇಳಿಕೊಂಡು ಹೋಗು. ಮಗ ಹೋದ ಮೇಲೆ ಎರಡು ತಿಂಗಳು ನಿನ್ನ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಊಟ ಇಟ್ಟರೆ ಊಟ, ಇಲ್ಲದಿದ್ದರೆ ಇಲ್ಲ. ಒಂದು ದಿನ ನಾನು ಅಂಗಡಿಯಲ್ಲಿ ಪಾಲಿಶ್ ಚಕ್ರಕ್ಕೆ ಹಲ್ಲಿನ ಸೆಟ್ಟು ಹಿಡಿದು ಕೂತಿದ್ದೆ. ಅವರು ಒಂದು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನೋಡಿದರು. "ನಲವತ್ತು ವರ್ಷ ಕಾರ್ಖಾನೇಲಿ ಲೇತ್ ತಿರುಗಿಸಿದೋನ ಮುಂದೆ ಹೀಗಾ ಹಿಡಿಯೋದು? ಕೊಡಿಲ್ಲಿ" ಎಂದು ಕಿತ್ತುಕೊಂಡರು. ಆ ದಿನ ರಾಗವಾಗಿ ಶಿಳ್ಳೆ ಹಾಕಿದರು. ಅವರಿಗೆ ಶಿಳ್ಳೆ ಬರುತ್ತದೆಂದು ನನಗೆ ಹನ್ನೊಂದು ವರ್ಷದಲ್ಲಿ ಗೊತ್ತಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೂರುತ್ತಾರೆ, ಒಂದು ಸೆಟ್ಟಿಗೆ ಇಷ್ಟು ಎಂದು ಕೂಲಿ ಕೊಡುತ್ತೇನೆ, ಎಣಿಸಿಯೇ ತೆಗೆದುಕೊಳ್ಳುತ್ತಾರೆ. ದುಡಿಸಿಕೊಂಡೆ ಎಂದು ನೀನು ಊರೆಲ್ಲ ಸಾರಿಕೋ.

ಈಗ ಸಾಮಾನು ಕಟ್ಟುವ ಕೆಲಸ ನಡೆಯುತ್ತಿದೆ. ಪ್ಲಾಸ್ಟರಿನ ಅಚ್ಚುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಬೇಕು, ಸ್ವಲ್ಪ ತಾಗಿದರೂ ಮೂಲೆ ಮುರಿಯುತ್ತದೆ. ಎಲ್ಲ ಸೇರಿ ಇಪ್ಪತ್ತಮೂರು ಪೆಟ್ಟಿಗೆ. ಪ್ರತಿಯೊಂದರ ಮೇಲೂ ಮಾವನವರೇ ನಂಬರು ಬರೆದು, ಒಳಗೇನಿದೆ ಎಂದು ಬೇರೆ ಹಾಳೆಯಲ್ಲಿ ಪಟ್ಟಿ ಮಾಡುತ್ತಿದ್ದಾರೆ. ನಿನ್ನೆ ನೀನು ಬರುವ ವಿಷಯ ಹೇಳಿದೆ. ಬರೆಯುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ನಾನು ಎಷ್ಟನೇ ನಂಬರಮ್ಮ?" ಎಂದರು.

ಇದಕ್ಕೆ ಉತ್ತರ ನೀನು ಬಂದು ಕೊಡು.

ಅತ್ತಿಗೆ


ಏಪ್ರಿಲ್ 10

ಮಾವ ನಿನ್ನ ಹತ್ತಿರ ಇದ್ದಾರಾ?

ನಿನ್ನೆ ಬೆಳಗ್ಗೆ ಹಾಲು ತರುತ್ತೇನೆಂದು ಚೀಲ ಹಿಡಿದು ಹೋದವರು ಬಂದಿಲ್ಲ. ಫೋನು ಮೇಜಿನ ಮೇಲೇ ಬಿಟ್ಟಿದ್ದಾರೆ. ಒಂದು ಜೊತೆ ಬಟ್ಟೆ, ಔಷಧಿ, ಅಳತೆಯ ಟೇಪು ಇಲ್ಲ. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸ್ಕೂಲಿನ ನಂಬರಿಗೆ ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಟ್ಟೆ. ಈ ಚೀಟಿಯನ್ನು ನಿಮ್ಮೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಪೊಲೀಸರಿಗೆ ಹೇಳಿದ್ದೇನೆ.

ನೀನು ಮೊದಲೇ ಬಂದು ಹೇಳದೆ ಕರೆದುಕೊಂಡು ಹೋಗಿದ್ದರೆ, ಹೋಗಲಿ. ಹೌದು ಎಂದಷ್ಟೇ ಹೇಳು. ಜಗಳ ಆಮೇಲೆ.

ಅತ್ತಿಗೆ


ಏಪ್ರಿಲ್ 12, ನಿಮ್ಮ ಬಾಗಿಲಲ್ಲಿ

ನನ್ನ ಹತ್ತಿರ ಇಲ್ಲ. ಬಂದಿದ್ದೇನೆ. ನೀವು ಮನೆಯಲ್ಲಿಲ್ಲ, ಇದ್ದಿದ್ದರೂ ನಾನು ಒಳಗೆ ಕಾಲಿಡುತ್ತಿರಲಿಲ್ಲ. ಈ ಹಾಳೆ ಬಾಗಿಲ ಸಂದಿಯಲ್ಲಿ ತುರುಕಿ ಹೋಗುತ್ತಿದ್ದೇನೆ.

ಬಸ್ ನಿಲ್ದಾಣ, ಎರಡೂ ಸರ್ಕಾರಿ ಆಸ್ಪತ್ರೆ, ಮುಚ್ಚಿದ ಕಾರ್ಖಾನೆಯ ಗೇಟು, ಅಪ್ಪನ ಹಳೇ ಸ್ನೇಹಿತರ ಮನೆ, ಎಲ್ಲ ನೋಡಿದೆ. ಕಾಲುವೆಯ ದಂಡೆಯುದ್ದಕ್ಕೂ ಮೊದಲನೇ ಗೇರಿನಲ್ಲಿ ಗಾಡಿ ಓಡಿಸಿಕೊಂಡು, ನೀರಿನ ಕಡೆ ನೋಡಿಕೊಂಡು ಹೋದೆ. ಆ ದಾರಿಯಲ್ಲಿ ಹೋಗಬೇಕಾದ ಗತಿ ನನಗೆ ತಂದಿಟ್ಟವರು ನೀವು.

"ಮಾವ: ತಿಂಗಳಿಗೆ ಎಂಟು ಸಾವಿರ." ಹಾಗೆ ಬರೆದ ಪತ್ರದ ಕರಡು ನಿಮ್ಮ ಮೇಜಿನ ಮೇಲೆಯೇ ಇದ್ದಿರಬೇಕು. ಅಪ್ಪ ಓದಿರುತ್ತಾರೆ. ಅವರಿಗೇನಾದರೂ ಆಗಿದ್ದರೆ ನಿಮ್ಮ ಮುಖ ನಾನು ಈ ಜನ್ಮದಲ್ಲಿ ನೋಡುವುದಿಲ್ಲ.

(ಅದೇ ಹಾಳೆಯ ಹಿಂಬದಿ, ಮರುದಿನ)

ಪೊಲೀಸ್ ಠಾಣೆಯಲ್ಲಿ ಬೆಂಚಿನ ಆ ತುದಿಗೆ ನೀನು, ಈ ತುದಿಗೆ ನಾನು ಕೂತು ಒಂದು ಮಾತೂ ಆಡದೆ ಎದ್ದು ಬಂದೆವು. ಆದ್ದರಿಂದ ನಿನ್ನ ಹಾಳೆಯಲ್ಲೇ ಬರೆದು ನಿನ್ನ ಕಾರಿನ ಗಾಜಿಗೆ ಸಿಕ್ಕಿಸುತ್ತಿದ್ದೇನೆ.

"ನನ್ನಿಂದ ಆಗುವುದಿಲ್ಲ" ಎಂದು ನೀನು ಬರೆದ ಪತ್ರವೂ ಅದೇ ಮೇಜಿನ ಮೇಲಿತ್ತು.


ಏಪ್ರಿಲ್ 14

ಮಗಳಿಗೆ ಮತ್ತು ಸೊಸೆಗೆ,

ಕಾರ್ಬನ್ ಇಟ್ಟು ಬರೆಯುತ್ತಿದ್ದೇನೆ, ಇಬ್ಬರಿಗೂ ಒಂದೇ ಪತ್ರ. ಯಾರಿಗೆ ಮೇಲಿನ ಹಾಳೆ, ಯಾರಿಗೆ ಕೆಳಗಿನದು ಎಂದು ಜಗಳವಾಡಬೇಡಿ. ಅಕ್ಷರ ಎರಡರಲ್ಲೂ ಅಷ್ಟೇ ಕೆಟ್ಟದಾಗಿದೆ.

ನಾನು ಬದುಕಿದ್ದೇನೆ. ಪೊಲೀಸರಿಗೆ ಹೇಳಿಬಿಡಿ. ಎರಡು ದಿನ ರೈಲಿನಲ್ಲಿ ಕೂತು ಸೊಸೆ ಹೋಗಬೇಕಾದ ಊರಿಗೆ ಬಂದಿದ್ದೇನೆ. ಕಾಲೇಜಿನ ವಿಳಾಸ ನೇಮಕದ ಕಾಗದದಲ್ಲಿತ್ತು. ಅದರ ಹಿಂದಿನ ಬೀದಿಯಲ್ಲಿ ಒಬ್ಬ ಕ್ಷೌರಿಕ ಅಂಗಡಿ ಇಟ್ಟಿದ್ದಾನೆ. ಗಡ್ಡ ಮಾಡಿಸಿಕೊಳ್ಳುತ್ತಾ ಮನೆ ಎಲ್ಲಿ ಖಾಲಿ ಇದೆ ಎಂದು ಕೇಳಿದೆ. ಊರಿನ ಎಲ್ಲ ತಲೆಯೂ ಅವನ ಕೈಯಲ್ಲಿ ಬಂದು ಹೋಗುತ್ತದೆ, ಅವನಿಗೆ ಗೊತ್ತಿರದ ಮನೆ ಇಲ್ಲ. ದಲ್ಲಾಳಿಗಿಂತ ಅವನೇ ವಾಸಿ, ಬರೀ ಗಡ್ಡದ ದುಡ್ಡು ತೆಗೆದುಕೊಂಡ. ನೆಲಮಟ್ಟದ ಮನೆ, ಎರಡು ಕೋಣೆ, ಮುಂದೆ ಅಂಗಡಿ ಇಡುವಷ್ಟು ಪಡಸಾಲೆ. ಬಾಡಿಗೆ ಹತ್ತು ಹೇಳಿದರು, ಒಂಬತ್ತಕ್ಕೆ ಇಳಿಸಿದೆ. ಮುಂಗಡ ಎರಡೇ ತಿಂಗಳದು. ಬಾಗಿಲು ಮೂವತ್ತನಾಲ್ಕು ಅಂಗುಲ, ಸೊಸೆಯ ಕೆಲಸದ ಮೇಜು ಮೂವತ್ತೊಂದು. ಬಿಚ್ಚದೇ ಒಳಗೆ ಹೋಗುತ್ತದೆ. ಮುಂಗಡ ನಾನೇ ಕೊಟ್ಟಿದ್ದೇನೆ. ಸೊಸೆ ಕೊಟ್ಟ ಕೂಲಿಯನ್ನು ನಾನು ಎಲ್ಲಿ ಖರ್ಚು ಮಾಡಬೇಕಿತ್ತು?

ಫೋನ್ ಮಾಡಿ ತಿಳಿಸಬಹುದಿತ್ತು. ಮಾಡಲಿಲ್ಲ. ಒಂದು ವಾರ ಇಬ್ಬರೂ ಹುಡುಕಲಿ ಎನಿಸಿತು. ಮುದುಕನ ಸಿಟ್ಟು ಎಂದುಕೊಳ್ಳಿ. ನಿಮ್ಮ ಪತ್ರಗಳನ್ನೆಲ್ಲ ಓದಿದೆ. ಬೇರೆಯವರ ಪತ್ರ ಓದಬಾರದು, ಆದರೆ ಅವುಗಳಲ್ಲಿ ಇದ್ದದ್ದು ನಾನೇ ಆದ್ದರಿಂದ ಓದಿದೆ.

ಇನ್ನು ಮುಂದಿನದನ್ನು ಮಗಳು ಕೂತುಕೊಂಡು ಓದಬೇಕು. ಗಾಡಿಯಲ್ಲಿದ್ದರೆ ಬದಿಗೆ ನಿಲ್ಲಿಸು.

ಆ ದಿನ ಹತ್ತು ಗಂಟೆಗೆ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, "ಯಾರಿಗೆ ಹೇಳಬೇಕೋ ಹೇಳ್ಬಿಡಿ" ಎಂದರು. ಸೊಸೆ ಆ ಕ್ಷಣವೇ ಫೋನು ತೆಗೆದಳು. ನಾನು ಅವಳ ಕೈ ಹಿಡಿದೆ. "ಬೇಡಮ್ಮ. ಇವತ್ತು ಅವಳ ಹುಡುಗರದ್ದು ಲೈಸೆನ್ಸ್ ಪರೀಕ್ಷೆ. ಇದನ್ನ ಕೇಳಿದ್ರೆ ಇದ್ದಂಗೇ ಗಾಡಿ ಹತ್ತಿ ಹೊರಡ್ತಾಳೆ. ಅಳ್ತಾ ಅಳ್ತಾ ಐದು ಗಂಟೆ ಓಡಿಸ್ಕೊಂಡು ಬರ್ತಾಳೆ. ಒಂದೇ ದಿನ ಇಬ್ಬರನ್ನೂ ಕಳ್ಕೊಳ್ಳೋ ಶಕ್ತಿ ನಂಗಿಲ್ಲ. ಸಂಜೆ ಹೇಳೋಣ" ಎಂದೆ. ಹನ್ನೆರಡಕ್ಕೆ ಅವಳು ಮತ್ತೆ ಕೇಳಿದಳು. "ತಪ್ಪಾಗುತ್ತೆ ಮಾವ" ಎಂದಳು. ಗದರಿಸಿದೆ. ಮೂರಕ್ಕೆ ಅವನು ಹೋದ.

ಮರುದಿನ ನೀನು ಬಂದು ಅತ್ತಿಗೆಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಬೈದೆಯಲ್ಲ, ನಾನು ಆರು ಹೆಜ್ಜೆ ಆಚೆ ನೀರಿನ ನಲ್ಲಿಯ ಹತ್ತಿರ ನಿಂತಿದ್ದೆ. ನನಗೆ ಕಿವಿ ಮಂದ ಎಂದು ಎಲ್ಲರಿಗೂ ಗೊತ್ತು. ಆ ದಿನ ಅದು ನನಗೆ ಒದಗಿ ಬಂತು. ಒಂದೊಂದು ಮಾತೂ ಕೇಳಿಸಿತು. ಕೇಳಿಸದವನಂತೆ ಲೋಟ ತೊಳೆಯುತ್ತಾ ನಿಂತೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹದಿನಾಲ್ಕು ತಿಂಗಳು ತೊಳೆಯುತ್ತಲೇ ಇದ್ದೇನೆ.

ನಿನ್ನ ಮನೆಗೆ ಬರಲು ನನಗೆ ಮೆಟ್ಟಿಲಿನ ಹೆದರಿಕೆ ಇಲ್ಲ, ಮಗಳೇ. ಅಲ್ಲಿ ಮೂರು ಹೊತ್ತೂ ನಿನ್ನ ಮುಖ ನೋಡಿಕೊಂಡು ಸುಳ್ಳು ಉಣ್ಣಬೇಕಲ್ಲ ಎಂಬ ಹೆದರಿಕೆ.

ಸೊಸೆ ಬಾರದಿದ್ದರೂ ನಾನು ಇಲ್ಲೇ ಇರುತ್ತೇನೆ. ಕಾಲೇಜಿನವರಿಗೆ ಪಾಲಿಶ್ ಮಾಡುವವರು ಬೇಕಂತೆ, ವಿಚಾರಿಸಿದ್ದೇನೆ.

ಅಪ್ಪ, ಮಾವ


ಏಪ್ರಿಲ್ 30

ಅಪ್ಪಾ,

ಹದಿನಾಲ್ಕು ತಿಂಗಳು ನಾನು ಬೈದದ್ದೆಲ್ಲ ತಪ್ಪು ವಿಳಾಸಕ್ಕೆ ಹೋಗಿದೆ. ಈಗ ಸರಿಯಾದ ವಿಳಾಸ ಸಿಕ್ಕಿದೆ, ಆದರೆ ಬೈಗುಳ ಸಿಗುತ್ತಿಲ್ಲ. ನಾಲ್ಕು ಹಾಳೆ ಬರೆದು ಹರಿದು ಹಾಕಿದೆ.

ನನ್ನನ್ನು ಉಳಿಸಲಿಕ್ಕೆ ಎಂದಿರಿ. ಯಾರು ಕೇಳಿದರು? ಹದಿನೆಂಟು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ಬೇರೆಯವರ ಭಯ, ಬೇರೆಯವರ ಅಳು ಎಲ್ಲ ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸುತ್ತೇನೆ. ನನ್ನದನ್ನು ಕೂರಿಸಿಕೊಂಡು ಐದು ಗಂಟೆ ಬರಲು ಆಗುತ್ತಿರಲಿಲ್ಲವೇ? ನೀವು ನನ್ನನ್ನು ಉಳಿಸಲಿಲ್ಲ. ನಿಮ್ಮ ಹೆದರಿಕೆಯನ್ನು ಉಳಿಸಿಕೊಂಡಿರಿ.

ಒಂದೇ ಒಂದು ವಿಷಯ ಬೇಕು. ಹತ್ತರಿಂದ ಮೂರರವರೆಗೆ ಅಣ್ಣನಿಗೆ ಎಚ್ಚರವಿತ್ತೇ? ನನ್ನನ್ನು ಕೇಳಿದನೇ? ಏನೆಂದು ಕೇಳಿದ? ಅವನು ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ. ಒಂದು ಮಾತು ಬಿಟ್ಟರೂ ನಾನು ನಿಮಗೆ ಮತ್ತೆ ಬರೆಯುವುದಿಲ್ಲ.

ಮಗಳು


ಮೇ 4

ಅತ್ತಿಗೆಯವರಿಗೆ,

ಇದು ಕ್ಷಮೆ ಕೇಳುವ ಪತ್ರ ಅಲ್ಲ. ಅದು ನನಗೆ ಬರುವುದಿಲ್ಲ, ಬಂದರೂ ನೀವು ಅದನ್ನು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟುಕೊಂಡು ಜೀವನಪೂರ್ತಿ ತೋರಿಸುತ್ತೀರಿ. ಬೀರು ಮಾರಿದ್ದೀರಿ, ಆದರೂ.

ಲಾರಿಗೆ ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ. ನನ್ನ ಬಳಿ ಕಲಿತವಳೊಬ್ಬಳು ಈಗ ದೂರದ ಲಾರಿ ಓಡಿಸುತ್ತಾಳೆ. ನಿಮ್ಮ ಆ ಊರಿಂದ ಸರಕು ತುಂಬಿಕೊಂಡು ಬಂದು ಖಾಲಿ ವಾಪಸಾಗುತ್ತಾಳೆ, ಅದಕ್ಕೇ ನಲವತ್ತೆಂಟಕ್ಕೆ ಒಪ್ಪಿದ್ದಾಳೆ. ಟೋಲು, ಪರ್ಮಿಟ್ಟು ಅದರಲ್ಲೇ ಸೇರಿದೆ, ಕಾಗದದಲ್ಲಿ ಬರೆಸಿ ಸಹಿ ಹಾಕಿಸಿದ್ದೇನೆ. ಮೇ ಇಪ್ಪತ್ತೆರಡಕ್ಕೆ ನಿಮ್ಮ ಬಾಗಿಲಿಗೆ ಬರುತ್ತಾಳೆ. ಅಚ್ಚಿನ ಪೆಟ್ಟಿಗೆಗಳನ್ನು ಚಾಲಕರ ಕೋಣೆಯ ಬೆನ್ನಿಗೆ ಒತ್ತಿ ಇಡಿಸಿ, ಹಿಂಬದಿಗೆ ಬೇಡ. ಹಿಂದೆ ಕುಲುಕು ಜಾಸ್ತಿ. ಬೆಲೆ ಬಾಳುವುದನ್ನು ನಿಮ್ಮ ಕೈಯಲ್ಲೇ ಒಯ್ಯಿರಿ.

ಒಂದು ಪ್ರಶ್ನೆ. ಯಾಕೆ ಹೇಳಲಿಲ್ಲ? ಕಾರಿಡಾರಿನಲ್ಲಿ ಒಂದು ಬೆರಳು ಎತ್ತಿ ಅಪ್ಪನ ಕಡೆ ತೋರಿಸಿದ್ದರೆ ಸಾಕಿತ್ತು. ತಪ್ಪು ವಿಳಾಸಕ್ಕೆ ಬಂದ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡಿರಿ. ಒಳ್ಳೆಯವಳು ಅನ್ನಿಸಿಕೊಳ್ಳುವ ಚಟವೇ?

ನಾದಿನಿ


ಮೇ 13

ನಾದಿನಿಗೆ,

ಲಾರಿಯ ವಿಷಯ ತಿಳಿಯಿತು. ಮೊದಲಿನವನು ಮುಂಗಡದಲ್ಲಿ ಎರಡು ಸಾವಿರ ನುಂಗಿಕೊಂಡು ಉಳಿದದ್ದು ಕೊಟ್ಟ. ಸಹಾಯ ಎಂದು ಒಪ್ಪಿಕೊಳ್ಳುತ್ತಿಲ್ಲ, ದರ ಕಡಿಮೆ ಎಂದು ಒಪ್ಪಿಕೊಳ್ಳುತ್ತಿದ್ದೇನೆ. ಇದೂ, ಮಾವನವರು ಹಿಡಿದ ಮನೆಯೂ ಸೇರಿ ನನ್ನ ಲೆಕ್ಕ ಕೊನೆಗೂ ಕೂಡಿತು.

ನಿನ್ನ ಪ್ರಶ್ನೆಗೆ ಉತ್ತರ. ಮೊದಮೊದಲು, ಅಣ್ಣ ಹೋದ, ಇನ್ನು ಅಪ್ಪನೂ ಇವಳ ಪಾಲಿಗೆ ಇಲ್ಲದಂತಾಗುವುದು ಬೇಡ ಎಂದು ಸುಮ್ಮನಿದ್ದೆ. ಇದನ್ನು ಓದಿ ನೀನು ಕಣ್ಣೀರು ಹಾಕಬೇಡ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಒಂದೆರಡು ತಿಂಗಳಿಗೆ ಅದು ಮುಗಿದುಹೋಯಿತು. ಆಮೇಲೆ ಸುಮ್ಮನಿದ್ದದ್ದಕ್ಕೆ ಕಾರಣ ಬೇರೆ. ಮಾವ ಬೇಡ ಎಂದದ್ದು ನಿಜ. ಆದರೆ ಫೋನು ಇದ್ದದ್ದು ನನ್ನ ಕೈಯಲ್ಲಿ. ಅವರು ಎರಡು ಸಲ ನೀರು ಕುಡಿಯಲು ಹೋದರು, ಒಂದು ಸಲ ಔಷಧಿ ತರಲು ಕೆಳಗೆ ಹೋದರು. ಆಗೆಲ್ಲ ನಾನು ಒಬ್ಬಳೇ ಇದ್ದೆ. ನಿನ್ನ ನಂಬರು ಒತ್ತಬಹುದಿತ್ತು. ಒತ್ತಲಿಲ್ಲ. ನೀನು ಬಂದರೆ ನಿನ್ನ ಅಣ್ಣನ ಪಕ್ಕದ ಕುರ್ಚಿಯಲ್ಲಿ ನೀನು ಕೂರುತ್ತೀಯ, ನಾನು ಕಾಲಿನ ಕಡೆ ನಿಲ್ಲಬೇಕಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ಆದರೆ ಅನ್ನಿಸಿತು.

ಆದ್ದರಿಂದ ನೀನು ಬೈದದ್ದು ಪೂರ್ತಿ ತಪ್ಪು ವಿಳಾಸಕ್ಕೆ ಹೋಗಿಲ್ಲ. ಇದನ್ನು ಮಾವನವರಿಗೂ ಹೇಳಿಲ್ಲ. ಈಗ ಇಷ್ಟ ಬಂದಂತೆ ಮಾಡಿಕೋ.

ಅತ್ತಿಗೆ


ಮೇ 28

ಮಗಳೇ,

ಸೊಸೆ ನಿನ್ನೆ ಬಂದು ಸೇರಿದಳು. ಲಾರಿಯೂ ಬಂತು. ಇಪ್ಪತ್ತಮೂರರಲ್ಲಿ ಒಂದು ಪೆಟ್ಟಿಗೆಯ ಮೂಲೆ ಒದ್ದೆಯಾಗಿತ್ತು, ಅಷ್ಟೇ. ಓಡಿಸಿಕೊಂಡು ಬಂದವಳು ಗಟ್ಟಿಗಿತ್ತಿ, "ನಮ್ಮ ಮೇಡಂ ಬಾಯಿಗಿಂತ ಈ ರಸ್ತೆಯೇ ನುಣುಪು" ಎಂದಳು.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಒಂದು ತಿಂಗಳು ಬೇಕಾಯಿತು. ಇದ್ದ ಹಾಗೇ ಬರೆಯುತ್ತೇನೆ.

ಅವನಿಗೆ ಎಚ್ಚರ ಬಂದು ಹೋಗುತ್ತಿತ್ತು. ಹನ್ನೊಂದರ ಸುಮಾರಿಗೆ ಕಣ್ಣು ಬಿಟ್ಟು, "ಅವಳು ಬಂದ್ಲಾ?" ಎಂದ. "ಬರ್ತಾ ಇದಾಳೆ" ಎಂದೆ. ಅದು ನಾನು ಅವನಿಗೆ ಹೇಳಿದ ಕೊನೆಯ ಮಾತು, ಅದೂ ಸುಳ್ಳು. ಒಂದೂವರೆಗೆ ಇನ್ನೊಂದು ಸಲ ಎಚ್ಚರವಾಯಿತು. ಹೊರಗೆ ಬಿಸಿಲು ಜೋರಿತ್ತು, ಕಿಟಕಿಯಿಂದ ಗಾಡಿ ನಿಲ್ಲಿಸುವ ಜಾಗ ಕಾಣುತ್ತಿತ್ತು. ಅದನ್ನೇ ನೋಡುತ್ತಾ, "ಗಾಡಿ ನೆರಳಲ್ಲಿ ನಿಲ್ಲಿಸೋಕೆ ಹೇಳಿ ಅಪ್ಪ. ಸೀಟು ಕಾದ್ರೆ ವಾಪಸ್ ಹೋಗೋವಾಗ ಬೈಕೋತಾಳೆ" ಎಂದ. ಆಮೇಲೆ ಮಾತಾಡಲಿಲ್ಲ.

ಇಷ್ಟೇ. ಏನೂ ಬಿಟ್ಟಿಲ್ಲ.

ಅಪ್ಪ


ಜೂನ್ 7

ಅಪ್ಪಾ,

ಪತ್ರ ಪರೀಕ್ಷೆಯ ಮೈದಾನದಲ್ಲಿ ಸಿಕ್ಕಿತು. ನಮ್ಮ ಯಜಮಾನರು ಮನೆಯಿಂದ ತಂದು ಕೊಟ್ಟು ಹೋದರು. ಹೊರಗೆ ನನ್ನ ಹುಡುಗರು ಸಾಲಿನಲ್ಲಿ ನಿಂತಿದ್ದರು, ನಾನು ಗಾಜು ಏರಿಸಿಕೊಂಡು ಕಾರಿನೊಳಗೆ ಕೂತು ಓದಿದೆ.

ಹೋದ ವರ್ಷ ಆ ದಿನವೂ ಇದೇ ಮೈದಾನದಲ್ಲಿ ಇದ್ದೆ. ಎಂಟು ಜನರಲ್ಲಿ ಆರು ಜನ ಪಾಸಾಗಿದ್ದರು. ಒಂದೂವರೆಗೆ ನಾವೆಲ್ಲ ಆ ಎದುರಿನ ಅಂಗಡಿಯ ಮುಂದೆ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದೆವು. ಯಾರೋ ಹಿಮ್ಮುಖವಾಗಿ ಓಡಿಸಿ ಕಂಬಕ್ಕೆ ಗುದ್ದಿದ್ದನ್ನು ನಾನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅಣ್ಣ ಕಿಟಕಿಯಿಂದ ನನ್ನ ಗಾಡಿ ಹುಡುಕುತ್ತಿದ್ದಾಗ ನಾನು ನಗುತ್ತಿದ್ದೆ. ಆ ನಗು ನಾನು ನಕ್ಕದ್ದಲ್ಲ, ನೀವು ನನಗೆ ಕೊಟ್ಟದ್ದು. ಇದನ್ನು ನಾನು ಕ್ಷಮಿಸುತ್ತೇನೋ ಇಲ್ಲವೋ ಈಗ ಹೇಳಲಾರೆ. ಸದ್ಯಕ್ಕೆ ಇಲ್ಲ. ಅತ್ತಿಗೆಯನ್ನೂ ಇಲ್ಲ. ಅವರು ನನಗೆ ಇನ್ನೊಂದು ವಿಷಯ ಬರೆದಿದ್ದಾರೆ, ಅದು ನಮ್ಮಿಬ್ಬರ ನಡುವೆ ಇರಲಿ. ನೀವು ಕೇಳಬೇಡಿ, ಆ ಪತ್ರ ಹುಡುಕಲೂ ಬೇಡಿ.

ಅಲ್ಲಿಗೆ ಬರುತ್ತೇನೆ. ಯಾವಾಗ ಎಂದು ಹೇಳುವುದಿಲ್ಲ. ಮಳೆಗಾಲ ಮುಗಿಯಬೇಕು, ಕಾರಿನ ಟೈರು ಬದಲಾಯಿಸಬೇಕು, ಮೂರು ದಿನದ ದಾರಿ. ಬಂದರೆ ಜಗಳವಾಡಲು ಬರುತ್ತೇನೆ, ಅತ್ತಿಗೆಗೆ ಹೇಳಿ, ಹಾಸಿಗೆ ಗಿಸಿಗೆ ಎಂದು ಸಂಭ್ರಮ ಮಾಡುವುದು ಬೇಡ.

ಒಂದು ಮಾತು ಮಾತ್ರ ಇಬ್ಬರೂ ಕಿವಿಗೊಟ್ಟು ಕೇಳಬೇಕು, ಮಂದ ಕಿವಿಯಾದರೂ. ಇನ್ನು ಮುಂದೆ ಆ ಮನೆಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ನನಗೆ ಫೋನ್ ಮಾಡಬೇಕು. ಪರೀಕ್ಷೆಯ ದಿನವಾಗಿದ್ದರೂ. ನಾನು ಗಾಡಿ ಓಡಿಸುತ್ತಿದ್ದರೂ.

ಎತ್ತುತ್ತೇನೆ.

ನಿಮ್ಮ ಮಗಳು